ಬೇಸಿಗೆಯನ್ನು ಹಗುರವಾಗಿ ಕಳೆಯುವ ಬಗೆ: ಮನೆಯಲ್ಲಿ ಮತ್ತು ಪ್ರವಾಸದಲ್ಲಿ

ಬೇಸಿಗೆ ಬಂತೆಂದರೆ ಹೆಚ್ಚಿನವರು ಮೊದಲು ಯೋಚಿಸುವುದು ಏನನ್ನು ಕೊಳ್ಳಬೇಕು ಎಂಬುದನ್ನು. ಹೊಸ ಫ್ಯಾನು, ಹೊಸ ಕೂಲರು, ದಪ್ಪ ಪರದೆ, ಪ್ರವಾಸಕ್ಕೊಂದು ಚೀಲ ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. ಇವುಗಳಲ್ಲಿ ಒಂದೆರಡು ನಿಜಕ್ಕೂ ಬೇಕಾಗಬಹುದು. ಆದರೆ ಸೆಖೆಯ ದಿನಗಳಲ್ಲಿ ನಮ್ಮನ್ನು ಕಾಡುವ ದಣಿವಿನ ದೊಡ್ಡ ಪಾಲು ವಸ್ತುಗಳ ಕೊರತೆಯಿಂದ ಬಂದದ್ದಲ್ಲ, ಹೊತ್ತಿನ ಲೆಕ್ಕ ತಪ್ಪಿದ್ದರಿಂದ ಬಂದದ್ದು. ಉಳಿದ ಕಾಲದಲ್ಲಿ ಯಾವ ಹೊತ್ತಿಗೆ ಏಳುತ್ತೇವೆಯೋ, ಅಡುಗೆ ಮಾಡುತ್ತೇವೆಯೋ, ಹೊರಗೆ ಹೊರಡುತ್ತೇವೆಯೋ, ಬೇಸಿಗೆಯಲ್ಲಿಯೂ ಅದೇ ಕ್ರಮವನ್ನು ಬಿಡದೆ ಹಿಡಿದುಕೊಂಡಿರುತ್ತೇವೆ. ಬಿಸಿಲು ಏರಿ ಇಳಿಯುವ ಸಮಯವನ್ನು ಮೊದಲು ತಿಳಿದುಕೊಂಡು, ಕಿಟಕಿ ತೆರೆಯುವುದರಿಂದ ಹಿಡಿದು ಪ್ರಯಾಣ ಹೊರಡುವವರೆಗಿನ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಂಡರೆ, ಖರ್ಚಿಲ್ಲದೆಯೇ ಬೇಸಿಗೆಯ ಅರ್ಧ ಭಾರ ಇಳಿಯುತ್ತದೆ. ಮುಂದಿನ ಸಲಹೆಗಳೆಲ್ಲ ಈ ಒಂದು ಮಾತನ್ನು ಆಧರಿಸಿವೆ.

ಮೊದಲು ದಿನದ ಕಾವನ್ನು ಅಳೆಯಿರಿ

ಸೂರ್ಯ ನೆತ್ತಿಯ ಮೇಲೆ ಬರುವುದು ನಡುಹಗಲಿನಲ್ಲಿ. ಆದರೆ ಗಾಳಿ ಅತ್ಯಂತ ಬಿಸಿಯಾಗುವುದು ಸಾಮಾನ್ಯವಾಗಿ ಅದಾಗಿ ಎರಡು ಮೂರು ಗಂಟೆಗಳು ಕಳೆದ ಮೇಲೆ. ನಡುಹಗಲು ಕಳೆದರೂ ನೆಲವು ತಾನು ಹೊರಬಿಡುವ ಶಾಖಕ್ಕಿಂತ ಹೆಚ್ಚಿನದನ್ನು ಪಡೆಯುತ್ತಲೇ ಇರುವುದು ಇದಕ್ಕೆ ಕಾರಣ. ಇಟ್ಟಿಗೆಯ ಅಥವಾ ಕಾಂಕ್ರೀಟಿನ ದಪ್ಪ ಗೋಡೆ ಇನ್ನೂ ನಿಧಾನ: ಅದರ ಹೊರಮೈಗೆ ಮಧ್ಯಾಹ್ನ ಬಿದ್ದ ಕಾವು ಒಳಮೈಗೆ ತಲುಪುವ ಹೊತ್ತಿಗೆ ಹಲವು ಗಂಟೆಗಳು ಕಳೆದಿರುತ್ತವೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ರಾತ್ರಿ ಮಲಗುವ ಕೋಣೆ ಕುದಿಯುವುದು ಹೀಗಾಗಿಯೇ. ಇಡೀ ದಿನದಲ್ಲಿ ಅತ್ಯಂತ ತಂಪಾದ ಹೊತ್ತು ನಡುರಾತ್ರಿಯಲ್ಲ, ಸೂರ್ಯೋದಯದ ಆಸುಪಾಸಿನದು.

ಈ ಲೆಕ್ಕ ಪ್ರತಿ ಮನೆಗೂ ಬೇರೆಯಾಗಿರುವುದರಿಂದ, ಒಂದು ಸಾಧಾರಣ ಉಷ್ಣಮಾಪಕವನ್ನು ಕೋಣೆಯೊಳಗೆ ಒಂದು ದಿನ, ಹೊರಗಿನ ನೆರಳಿನಲ್ಲಿ ಇನ್ನೊಂದು ದಿನ ಇಟ್ಟು, ಎರಡು ಗಂಟೆಗೊಮ್ಮೆ ತೋರಿದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಎರಡಿದ್ದರೆ ಒಂದೇ ದಿನದ ಕೆಲಸ. ಹೊರಗಿನ ಅಂಕಿ ಒಳಗಿನದನ್ನು ದಾಟುವ ಹೊತ್ತು ಕಿಟಕಿಗಳನ್ನು ಮುಚ್ಚುವ ಹೊತ್ತು. ಅದು ಮತ್ತೆ ಕೆಳಗಿಳಿಯುವ ಹೊತ್ತು ತೆರೆಯುವ ಹೊತ್ತು. ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇದರ ವಿರುದ್ಧ. ಗಾಳಿ ಬರಲೆಂದು ಮಧ್ಯಾಹ್ನ ಕಿಟಕಿ ತೆರೆದಿಟ್ಟು ಬಿಸಿಗಾಳಿಯನ್ನು ಒಳಗೆ ಕರೆದುಕೊಳ್ಳುತ್ತಾರೆ, ರಾತ್ರಿ ಭದ್ರತೆಗೆಂದೋ ಸೊಳ್ಳೆಗೆಂದೋ ಎಲ್ಲವನ್ನೂ ಮುಚ್ಚಿ ಆ ಕಾವನ್ನು ಬೆಳಗಿನವರೆಗೆ ಕಾದಿಡುತ್ತಾರೆ. ಕಿಟಕಿಗೆ ಗಟ್ಟಿ ಸರಳು ಮತ್ತು ಸೊಳ್ಳೆಪರದೆ ಹಾಕಿಸುವ ಖರ್ಚು ಈ ಒಂದು ಕಾರಣಕ್ಕೇ ಸಾರ್ಥಕ. ಹಗಲೆಲ್ಲ ಗಾಳಿಯಲ್ಲಿ ತೇವ ಹೆಚ್ಚಿದ್ದು, ಒಳಗೂ ಹೊರಗೂ ಕಾವು ಹೆಚ್ಚು ಕಡಿಮೆ ಒಂದೇ ಆಗಿರುವ ಊರುಗಳಲ್ಲಿ ಮಾತ್ರ ಈ ನಿಯಮ ಸಡಿಲ. ಅಲ್ಲಿ ಮೈಮೇಲೆ ಗಾಳಿ ಆಡುವುದೇ ಮುಖ್ಯವಾದ್ದರಿಂದ ಕಿಟಕಿ ತೆರೆದಿರುವುದೇ ಲೇಸು.

ಮನೆಯನ್ನು ತಂಪಾಗಿಡುವುದು

ಬಿಸಿಲನ್ನು ಕಿಟಕಿಯ ಗಾಜಿನ ಹೊರಗೇ ತಡೆಯಬೇಕು ಎಂಬುದನ್ನು ಯಾರಾದರೂ ಹೇಳಿಕೊಡದಿದ್ದರೆ ನಮಗೆ ಹೊಳೆಯುವುದಿಲ್ಲ. ಬಿಸಿಲಿನ ಬೆಳಕು ಗಾಜನ್ನು ಸುಲಭವಾಗಿ ದಾಟಿ ಬಂದು ಒಳಗಿನ ಪರದೆಯನ್ನು ಕಾಯಿಸುತ್ತದೆ. ಕಾದ ಪರದೆ ಹೊರಸೂಸುವ ಶಾಖಕ್ಕೆ ಅದೇ ಗಾಜು ಅಡ್ಡ ನಿಲ್ಲುತ್ತದೆ. ಹಾಗಾಗಿ ಎಷ್ಟೇ ದಪ್ಪ ಪರದೆ ಕಟ್ಟಿದರೂ ಅದು ಕೋಣೆಯೊಳಗೆ ನಿಂತ ಒಂದು ಒಲೆಯಂತೆಯೇ ಇರುತ್ತದೆ. ಬಿದಿರಿನ ತಟ್ಟಿ, ಶೇಡ್ ನೆಟ್, ಹಳೆಯ ಬಿಳಿ ದುಪ್ಪಟಿ, ಚೌಕಟ್ಟಿಗೆ ಹಬ್ಬಿಸಿದ ಬಳ್ಳಿ, ಇವುಗಳಲ್ಲಿ ಯಾವುದನ್ನಾದರೂ ಗಾಜಿನಿಂದ ಒಂದು ಗೇಣು ಹೊರಗೆ ತೂಗುಹಾಕಿದರೆ ಕಾವು ಅಲ್ಲೇ ಉಳಿದು ಗಾಳಿಯೊಡನೆ ಹೋಗಿಬಿಡುತ್ತದೆ. ಎಲ್ಲ ಕಿಟಕಿಗಳಿಗೂ ಇದು ಬೇಕಿಲ್ಲ. ನಡುಹಗಲಿನ ಎತ್ತರದ ಬಿಸಿಲನ್ನು ಸಜ್ಜೆಯೇ ತಡೆಯುತ್ತದೆ; ಆದರೆ ಬೆಳಿಗ್ಗೆ ಪೂರ್ವದಿಂದಲೂ ಸಂಜೆ ಪಶ್ಚಿಮದಿಂದಲೂ ಓರೆಯಾಗಿ ಬರುವ ಬಿಸಿಲು ಸಜ್ಜೆಯ ಕೆಳಗೆ ನುಸುಳಿ ಬರುತ್ತದೆ. ಒಂದೇ ಕಿಟಕಿಗೆ ಸಾಕಾಗುವಷ್ಟು ತಟ್ಟಿಯಿದ್ದರೆ ಅದು ಪಶ್ಚಿಮದ ಕಿಟಕಿಗೆ ಸಲ್ಲಬೇಕು, ಏಕೆಂದರೆ ಅಲ್ಲಿ ಬಿಸಿಲು ಬೀಳುವ ಹೊತ್ತಿಗೆ ಗಾಳಿಯೂ ಕಾದಿರುತ್ತದೆ.

ಸಂಜೆ ಹೊರಗೆ ತಂಪಾದ ಮೇಲೆ ಎದುರುಬದುರಿನ ಎರಡು ಕಿಟಕಿಗಳನ್ನು ತೆರೆದರೆ ಗಾಳಿ ಹಾಯುತ್ತದೆ. ಮಹಡಿಯ ಮನೆಯಾದರೆ ಕೆಳಗಿನ ನೆರಳಿನ ಬದಿಯ ಕಿಟಕಿಯನ್ನೂ ಮೆಟ್ಟಿಲ ಮೇಲ್ತುದಿಯ ಕಿಟಕಿಯನ್ನೂ ಒಟ್ಟಿಗೆ ತೆರೆಯಿರಿ. ಬಿಸಿಗಾಳಿ ಹಗುರವಾಗಿ ಮೇಲಕ್ಕೇರಿ ಹೊರಹೋಗುವಾಗ ಕೆಳಗಿನಿಂದ ತಂಪುಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿಯೇ ಆಡದ ರಾತ್ರಿ ಟೇಬಲ್ ಫ್ಯಾನನ್ನು ನಿಮ್ಮ ಕಡೆಗೆ ತಿರುಗಿಸುವುದಕ್ಕಿಂತ, ಮನೆಯ ಒಂದು ತುದಿಯ ಕಿಟಕಿಯಲ್ಲಿ ಹೊರಮುಖವಾಗಿಟ್ಟು, ನೀವು ಮಲಗುವ ಕೋಣೆಯ ಕಿಟಕಿಯನ್ನು ಮಾತ್ರ ತೆರೆದು ನೋಡಿ. ಫ್ಯಾನು ಒಳಗಿನ ಬಿಸಿಗಾಳಿಯನ್ನು ಹೊರದೂಡುತ್ತಿದ್ದಂತೆ ಹೊರಗಿನ ತಂಪು ನಿಮ್ಮ ಹಾಸಿಗೆಯ ಮೇಲಿಂದಲೇ ಹಾದು ಬರಬೇಕಾಗುತ್ತದೆ. ಅರ್ಧ ಗಂಟೆಯಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಫ್ಯಾನಿನ ಬಗ್ಗೆ ಇನ್ನೊಂದು ಮಾತು. ಅದು ಕೋಣೆಯನ್ನು ತಣಿಸುವುದಿಲ್ಲ, ಬೆವರನ್ನು ಬೇಗ ಆರಿಸಿ ಮೈಯನ್ನು ತಣಿಸುತ್ತದೆ. ಅದರ ಮೋಟಾರು ಕೋಣೆಗೆ ಚೂರು ಕಾವನ್ನೇ ಸೇರಿಸುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದರಿಂದ ಪ್ರಯೋಜನವಿಲ್ಲ. ಗಾಳಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಫ್ಯಾನು ಮೈಯನ್ನು ಇನ್ನಷ್ಟು ಬಿಸಿ ಮಾಡುತ್ತದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಅಂಥ ದಿನ ಮೈಯನ್ನು ಒದ್ದೆ ಮಾಡಿಕೊಳ್ಳುವುದು, ತಂಪಾದ ಕಟ್ಟಡಕ್ಕೆ ಹೋಗಿ ಕುಳಿತುಕೊಳ್ಳುವುದು ಹೆಚ್ಚು ಸುರಕ್ಷಿತ.

ನೀರು ಆರುವಾಗ ಶಾಖವನ್ನು ಹೀರುತ್ತದೆ, ಅದೂ ಸಣ್ಣ ಪ್ರಮಾಣದಲ್ಲಲ್ಲ: ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು, ಎಂದರೆ ಅದೇ ನೀರನ್ನು 20 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಬೇಕಾಗುವುದರ ಏಳು ಪಟ್ಟು. ಒಣ ಹವೆಯ ಊರಿನಲ್ಲಿ ತೆರೆದ ಕಿಟಕಿಗೆ ಒದ್ದೆ ಹತ್ತಿಬಟ್ಟೆಯನ್ನು ಕಟ್ಟಿ, ಅದರ ಕೆಳತುದಿಯನ್ನು ನೀರಿನ ತಟ್ಟೆಯಲ್ಲಿ ಮುಳುಗಿಸಿಟ್ಟರೆ, ಬಟ್ಟೆ ತಾನಾಗಿಯೇ ನೀರನ್ನು ಸ್ವಲ್ಪ ಮೇಲಕ್ಕೆ ಹೀರಿಕೊಳ್ಳುತ್ತ ಒಳಬರುವ ಗಾಳಿಯನ್ನು ತಣಿಸುತ್ತದೆ. ತೇವದ ಹವೆಯಲ್ಲಿ ಇದೇ ಉಪಾಯ ಕೋಣೆಯನ್ನು ಇನ್ನಷ್ಟು ಜಿಗುಟಾಗಿಸುತ್ತದೆ. ನಿಮ್ಮ ಊರು ಯಾವ ಬಗೆಯದೆಂದು ತಿಳಿಯಲು ಉಪಕರಣ ಬೇಡ. ನೆರಳಿನಲ್ಲಿ ಹಿಂಡಿ ಹರಡಿದ ಕರವಸ್ತ್ರ ಬೇಗನೆ ಒಣಗಿ ಗರಿಗರಿಯಾದರೆ ಒದ್ದೆಬಟ್ಟೆಯ ಉಪಾಯ ನಡೆಯುತ್ತದೆ, ಹೊತ್ತು ಕಳೆದರೂ ತಣ್ಣಗೆ ಮೆತ್ತಗೇ ಉಳಿದಿದ್ದರೆ ನಡೆಯುವುದಿಲ್ಲ. ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದನ್ನಿಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಮರಳನ್ನು ಸದಾ ಒದ್ದೆಯಾಗಿಟ್ಟು, ಬಾಯಿಗೆ ಒದ್ದೆಬಟ್ಟೆ ಮುಚ್ಚಿದರೆ ಸಿಗುವ ತಂಪುಪೆಟ್ಟಿಗೆಯೂ ಇದೇ ತತ್ವದ್ದು. ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಅವರು 1990ರ ದಶಕದಲ್ಲಿ, ತರಕಾರಿ ಕೆಡದಂತೆ ಕಾಪಾಡಲು ಇದನ್ನು ಹಳ್ಳಿಗಳಲ್ಲಿ ಬಳಕೆಗೆ ತಂದರು. ಹೊರಮಡಕೆಗೆ ಬಣ್ಣ ಬಳಿಯಬಾರದು, ಬಳಿದರೆ ರಂಧ್ರಗಳು ಮುಚ್ಚಿಹೋಗುತ್ತವೆ. ಮಡಕೆಯನ್ನು ಗಾಳಿಯಾಡುವ ನೆರಳಿನಲ್ಲಿಡಬೇಕೇ ಹೊರತು ಮುಚ್ಚಿದ ಕಪಾಟಿನಲ್ಲಲ್ಲ.

ಮೇಲ್ಮಹಡಿಯಲ್ಲಿ ವಾಸಿಸುವವರ ಕಷ್ಟವೆಲ್ಲ ತಾರಸಿಯದು. ಕಪ್ಪು ಬಣ್ಣದ ಚಾವಣಿ ಬೇಸಿಗೆಯ ಬಿಸಿಲಿನಲ್ಲಿ 65 ಡಿಗ್ರಿ ದಾಟಬಲ್ಲುದು. ಬಿಸಿಲನ್ನು ಪ್ರತಿಫಲಿಸುವ ಬಿಳಿಯ ಲೇಪ ಅದನ್ನು 25 ಡಿಗ್ರಿಗಿಂತಲೂ ಹೆಚ್ಚು ತಗ್ಗಿಸಬಹುದು. ಲೇಪ ಹಚ್ಚುವ ಮೊದಲು ತಾರಸಿಯನ್ನು ಗುಡಿಸಿ ತೊಳೆದು ಪೂರ್ತಿ ಒಣಗಿಸಬೇಕು, ಪ್ರತಿ ವರ್ಷ ಧೂಳನ್ನು ತೊಳೆಯುತ್ತಿರಬೇಕು. ಕೊಳೆ ಕಟ್ಟಿದ ಬಿಳಿ ಬಣ್ಣ ಬಿಳಿಯಲ್ಲ.

ಬೇಸಿಗೆಗೊಂದು ಮೂಲೆ, ಬೇಸಿಗೆಗೊಂದು ಹಾಸಿಗೆ

ವರ್ಷವಿಡೀ ಒಂದೇ ಕೋಣೆಯಲ್ಲಿ ಮಲಗಬೇಕು, ಒಂದೇ ಮೇಜಿನಲ್ಲಿ ಓದಬೇಕು ಎಂಬ ಕಟ್ಟಳೆಯೇನೂ ಇಲ್ಲ. ಬಾಲ್ಕನಿ, ಅಂಗಳ ಅಥವಾ ಕಿಟಕಿಯ ಪಕ್ಕದ ನೆಲದ ಮೇಲೆ ಒಂದು ರಜಾದಿನ ಗಂಟೆಗೊಮ್ಮೆ ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿ, ಪ್ರತಿ ಗೆರೆಯ ಪಕ್ಕದಲ್ಲಿ ಸಮಯ ಬರೆಯಿರಿ. ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೇ ಬಿಟ್ಟುಕೊಡುವುದು ಒಳ್ಳೆಯದು. ಸಂಜೆಯ ಹೊತ್ತಿಗೆ ಎಲ್ಲಿ ಯಾವಾಗ ಬಿಸಿಲಿರುತ್ತದೆಂಬ ನಕ್ಷೆ ನೆಲದ ಮೇಲೆಯೇ ಮೂಡಿರುತ್ತದೆ. ಅತಿ ಹೆಚ್ಚು ಹೊತ್ತು ನೆರಳಿದ್ದು ಗಾಳಿಯೂ ಹಾಯುವ ಜಾಗವನ್ನು ಆರಿಸಿ ಅಲ್ಲೊಂದು ಚಾಪೆ, ಒರಗಲು ದಿಂಬು, ನೀರಿನ ಪಾತ್ರೆ, ಎರಡು ಪುಸ್ತಕಗಳನ್ನು ಇಟ್ಟರೆ ಬೇಸಿಗೆಯ ಮೂಲೆ ಸಿದ್ಧ. ಕಾರ್ಪೆಟ್ಟು, ಉಣ್ಣೆಯ ಹೊದಿಕೆ, ಮೆತ್ತನೆಯ ಸೋಫಾ ಕವರುಗಳನ್ನು ಸುತ್ತಿ ಮೇಲಿಟ್ಟುಬಿಡಿ. ಬರಿಯ ನೆಲ ಕಾಲಿಗೆ ತಂಪು, ಗುಡಿಸಲು ಸುಲಭ.

ನಿದ್ದೆಯ ವಿಚಾರದಲ್ಲಿ ಒಂದು ತಪ್ಪು ನಂಬಿಕೆ ಬಲವಾಗಿದೆ. ಮಲಗುವ ಮೊದಲು ಕೊರೆಯುವ ತಣ್ಣೀರಿನ ಸ್ನಾನ ಮಾಡಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ಚರ್ಮದ ರಕ್ತನಾಳಗಳು ಕುಗ್ಗುವುದರಿಂದ ಒಳಗಿನ ಕಾವು ಒಳಗೇ ಉಳಿಯುತ್ತದೆ. ನಿದ್ದೆ ಬರಬೇಕಾದರೆ ದೇಹದ ಒಳಗಿನ ಉಷ್ಣತೆ ತುಸು ಇಳಿಯಬೇಕು, ಆ ಕಾವು ಹೊರಹೋಗುವುದು ಮುಖ್ಯವಾಗಿ ಅಂಗೈ ಅಂಗಾಲುಗಳಿಂದ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಉಗುರುಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿ, ಪಾದಗಳನ್ನು ಹೊದಿಕೆಯಿಂದ ಹೊರಗಿಟ್ಟು, ತೆಳುವಾದ ಹತ್ತಿಯ ಹಾಸಿನ ಮೇಲೆ ಮಲಗುವುದು ಇದಕ್ಕೆ ತಕ್ಕ ಕ್ರಮ. ಬೆಳಿಗ್ಗೆ ಬೇಗ ಏಳುವುದರಿಂದ ತಪ್ಪುವ ನಿದ್ದೆಯನ್ನು ಮಧ್ಯಾಹ್ನದ ಇಪ್ಪತ್ತು ಮೂವತ್ತು ನಿಮಿಷಗಳ ಮಂಪರಿನಿಂದ ತುಂಬಿಕೊಳ್ಳಬಹುದು. ಅದಕ್ಕಿಂತ ಹೆಚ್ಚಾದರೆ ಎದ್ದ ಮೇಲೆ ತಲೆ ಭಾರವಾಗುತ್ತದೆ, ರಾತ್ರಿಯ ನಿದ್ದೆಯೂ ಕೆಡುತ್ತದೆ.

ಅಡುಗೆಮನೆ

ಬೇಸಿಗೆಯ ಮಧ್ಯಾಹ್ನ ಒಲೆ ಹೊತ್ತಿಸುವುದೆಂದರೆ ಮನೆಗೆ ಕಾವನ್ನು ಕೈಯಾರೆ ಸುರಿದಂತೆ. ಬೇಯಿಸುವ ಕೆಲಸವನ್ನೆಲ್ಲ ಸೂರ್ಯೋದಯದ ಹೊತ್ತಿಗೆ ತಳ್ಳಿ, ಉಳಿದ ಹೊತ್ತಿಗೆ ಬೇಯಿಸದೆ ತಿನ್ನುವ ಹಣ್ಣು ತರಕಾರಿಗಳನ್ನು ಆಧರಿಸಬಹುದು. ಧಾನ್ಯ ಮತ್ತು ಕಾಳುಗಳಿಗೆ ಇನ್ನೊಂದು ಹಳೆಯ ದಾರಿಯಿದೆ. ನೆನೆಸಿದ ಕಾಳನ್ನು ಮುಚ್ಚಳವಿರುವ ದಪ್ಪ ತಳದ ಪಾತ್ರೆಯಲ್ಲಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಒಲೆಯಿಂದ ಇಳಿಸಿ, ಮುಚ್ಚಳ ತೆಗೆಯದೆ ಕಂಬಳಿಯಲ್ಲಿ ಸುತ್ತಿ, ದಿಂಬುಗಳನ್ನು ತುಂಬಿದ ಪೆಟ್ಟಿಗೆಯಲ್ಲಿಟ್ಟು ಬಿಡಿ. ಪಾತ್ರೆಯಲ್ಲಿ ಉಳಿದ ಶಾಖವೇ ಎರಡು ಮೂರು ಗಂಟೆಗಳಲ್ಲಿ ಅದನ್ನು ಬೇಯಿಸುತ್ತದೆ; ಕೋಣೆಗೆ ಹೋಗುತ್ತಿದ್ದ ಕಾವು ಕಂಬಳಿಯೊಳಗೇ ಕೆಲಸ ಮಾಡುತ್ತದೆ. ತೆರೆದಾಗ ಆಹಾರ ಕೈ ಸುಡುವಷ್ಟು ಬಿಸಿಯಾಗಿರಲೇಬೇಕು. ಬರಿ ಬೆಚ್ಚಗಿದ್ದರೆ ಮತ್ತೊಮ್ಮೆ ಕುದಿಸಿ, ಏಕೆಂದರೆ ಸೂಕ್ಷ್ಮಜೀವಿಗಳು ವೇಗವಾಗಿ ಬೆಳೆಯುವುದು 5ರಿಂದ 60 ಡಿಗ್ರಿಗಳ ನಡುವೆ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದೆಂಬುದು ಸಾಮಾನ್ಯ ನಿಯಮ. ಕೋಣೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಫ್ರಿಜ್ಜಿನ ಬಾಗಿಲು ತೆರೆದು ಅದರ ಮುಂದೆ ನಿಲ್ಲುವ ಸುಖ ಎಲ್ಲರಿಗೂ ಗೊತ್ತಿರುವುದೇ, ಆದರೆ ಅದು ಒಳಗಿನ ಕಾವನ್ನು ತನ್ನ ಬೆನ್ನಿನಿಂದ ಕೋಣೆಗೇ ಬಿಡುವ ಯಂತ್ರವಾದ್ದರಿಂದ ಒಟ್ಟಿನಲ್ಲಿ ಕೋಣೆ ಹೆಚ್ಚು ಬಿಸಿಯಾಗುತ್ತದೆ. ಅದರ ಹಿಂದೆ ಗೋಡೆಯಿಂದ ಒಂದು ಗೇಣು ಜಾಗ ಬಿಟ್ಟು, ಹಿಂಬದಿಯ ಧೂಳು ಒರೆಸಿದರೆ ಅದರ ದುಡಿತ ಕಡಿಮೆಯಾಗುತ್ತದೆ.

ಕುಡಿಯುವ ನೀರಿಗೆ ಇಷ್ಟೇ ಲೋಟವೆಂಬ ಲೆಕ್ಕ ಎಲ್ಲರಿಗೂ ಒಪ್ಪುವುದಿಲ್ಲ. ಮೂತ್ರದ ಬಣ್ಣ ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆಯೆಂದೂ ಗಾಢವಾಗಿದ್ದರೆ ಸಾಲದೆಂದೂ ತಿಳಿಯುವುದು ಯಾವ ವಯಸ್ಸಿನವರಿಗೂ ಸುಲಭ. ಹಣ್ಣಿನ ತಿರುಳನ್ನು ಅಥವಾ ಸುವಾಸನೆಯ ಎಲೆಗಳನ್ನು ಐಸ್ ಟ್ರೇಯಲ್ಲಿ ನೀರಿನೊಡನೆ ಹಾಕಿ ಗಟ್ಟಿಯಾಗಿಸಿಟ್ಟರೆ, ಸಪ್ಪೆ ನೀರನ್ನು ಕುಡಿಯಲೊಲ್ಲದ ಮಕ್ಕಳೂ ಕುಡಿಯುತ್ತಾರೆ. ವಾಂತಿ ಭೇದಿಯಿಂದ ನೀರು ಕಳೆದುಕೊಂಡವರಿಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟಾದ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿ ಗುಟುಕುಗುಟುಕಾಗಿ ಕೊಡಬೇಕು. ಉಪ್ಪು ಇದಕ್ಕಿಂತ ಹೆಚ್ಚಾದರೆ ಅಪಾಯ.

ಹೊತ್ತು ಕಳೆಯುವ ಬಗೆಗಳು

ಬಿಸಿಲನ್ನು ಬೈದುಕೊಂಡೇ ಕಾಲ ಕಳೆಯುವ ಬದಲು ಅದನ್ನೇ ಆಟದ ಸಾಮಾನಾಗಿ ಮಾಡಿಕೊಳ್ಳಬಹುದು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ಸಯನೋಟೈಪ್ ಎಂಬ ಮುದ್ರಣ ವಿಧಾನಕ್ಕೆ ಬೇಕಾದದ್ದು ಕಬ್ಬಿಣದ ಲವಣಗಳನ್ನು ಬಳಿದ ಕಾಗದ, ಬಿಸಿಲು ಮತ್ತು ನೀರು ಮಾತ್ರ. ಮರುವರ್ಷವೇ ಆನಾ ಅಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಪಾಚಿಗಳ ಅಚ್ಚುಗಳನ್ನು ಈ ವಿಧಾನದಲ್ಲಿ ಪ್ರಕಟಿಸಲು ತೊಡಗಿದರು. ಮೊದಲೇ ಬಳಿದು ಸಿದ್ಧಪಡಿಸಿದ ಕಾಗದ ಈಗ ಮಾರಾಟಕ್ಕೆ ಸಿಗುತ್ತದೆ. ಮಂದ ಬೆಳಕಿನ ಕೋಣೆಯಲ್ಲಿ ಕಾಗದದ ಮೇಲೆ ಒಂದು ಎಲೆಯನ್ನಿಟ್ಟು, ಅದು ಅಲುಗದಂತೆ ಮೇಲೊಂದು ಗಾಜನ್ನು ಒತ್ತಿ, ಬಿಸಿಲಿಗೆ ಹಿಡಿಯಿರಿ. ಎಲೆ ಮುಚ್ಚದ ಭಾಗದ ಬಣ್ಣ ಕೆಲವೇ ನಿಮಿಷಗಳಲ್ಲಿ ಬದಲಾಗುತ್ತದೆ. ಒಳಗೆ ತಂದು ನೀರಿನಲ್ಲಿ ಅಲುಗಿಸಿದಾಗ ಎಲೆಯ ಕೆಳಗಿದ್ದ ಜಾಗದ ಲವಣ ತೊಳೆದುಹೋಗಿ ಬಿಳಿಯ ಎಲೆ ಉಳಿಯುತ್ತದೆ, ಸುತ್ತಲಿನದೆಲ್ಲ ಗಾಢನೀಲಿಗೆ ತಿರುಗುತ್ತದೆ. ಒಣಗುತ್ತ ಒಣಗುತ್ತ ಆ ನೀಲಿ ಇನ್ನೂ ಗಾಢವಾಗುತ್ತದೆ. ತೆಳುವಾದ ಎಲೆಗಳನ್ನು ಆರಿಸಿದರೆ ನರಗಳೂ ಮೂಡುತ್ತವೆ. ಈ ಕಾಗದ ಸಿಗದಿದ್ದರೆ ಬೇಗ ಬಣ್ಣ ಬಿಡುವ ಅಗ್ಗದ ಬಣ್ಣದ ಕಾಗದದ ಮೇಲೆ ಎಲೆಯನ್ನಿಟ್ಟು ಬಿಸಿಲಿನಲ್ಲಿ ಬಿಟ್ಟರೂ ಗುರುತು ಉಳಿಯುತ್ತದೆ, ಕಾಯಬೇಕಾದ ಹೊತ್ತು ಮಾತ್ರ ಹೆಚ್ಚು.

ಇನ್ನೊಂದಕ್ಕೆ ಏನೂ ಬೇಡ. ಎಲೆ ದಟ್ಟವಾದ ಮರದ ಕೆಳಗೆ ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳನ್ನು ಗಮನಿಸಿ: ಎಲೆಗಳ ನಡುವಿನ ಸಂದಿಗಳು ಅಡ್ಡಾದಿಡ್ಡಿಯಾಗಿದ್ದರೂ ಚುಕ್ಕೆಗಳು ಹೆಚ್ಚಾಗಿ ದುಂಡಗೋ ಅಂಡಾಕಾರವಾಗಿಯೋ ಇರುತ್ತವೆ. ಪ್ರತಿ ಸಣ್ಣ ಸಂದಿಯೂ ಸೂಜಿರಂಧ್ರದ ಕ್ಯಾಮೆರಾದಂತೆ ಸೂರ್ಯನ ಬಿಂಬವನ್ನೇ ನೆಲಕ್ಕೆ ಇಳಿಸುತ್ತಿರುತ್ತದೆ, ಪಾರ್ಶ್ವ ಸೂರ್ಯಗ್ರಹಣದ ದಿನ ಆ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳುವುದೂ ಇದರಿಂದಲೇ. ಚಿಕ್ಕ ಮಕ್ಕಳಿಗೆ ಬಣ್ಣದ ಬದಲು ಬರಿ ನೀರನ್ನೂ ದಪ್ಪ ಕುಂಚವನ್ನೂ ಕೊಟ್ಟು ಇಳಿಹೊತ್ತಿನ ಬೆಚ್ಚನೆಯ ಗೋಡೆಯ ಮೇಲೆ ಚಿತ್ರ ಬರೆಯಲು ಬಿಡಬಹುದು. ಚಿತ್ರ ಮೂಡಿ, ಅಂಚಿನಿಂದ ಮಾಸುತ್ತ ಮಾಯವಾಗುತ್ತದೆ, ಒರೆಸುವ ಕೆಲಸವೂ ಉಳಿಯುವುದಿಲ್ಲ.

ರಾತ್ರಿಗೆ ನಕ್ಷತ್ರಗಳಿವೆ. ಕಣ್ಣು ಕತ್ತಲೆಗೆ ಚೆನ್ನಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಮೊಬೈಲಿನ ಪರದೆಯನ್ನು ಒಮ್ಮೆ ನೋಡಿದರೆ ಅಷ್ಟೂ ವ್ಯರ್ಥ. ಅದಕ್ಕಾಗಿ ಟಾರ್ಚಿನ ಬಾಯಿಗೆ ಕೆಂಪು ಕಾಗದ ಕಟ್ಟಿಕೊಳ್ಳುವುದು ರೂಢಿ. ಉತ್ತರಾರ್ಧಗೋಳದವರಿಗೆ ಆಗಸ್ಟ್ 12 ಮತ್ತು 13ರ ಸುಮಾರಿಗೆ ಪರ್ಸೀಡ್ ಉಲ್ಕಾವೃಷ್ಟಿ ಉತ್ತುಂಗಕ್ಕೇರುತ್ತದೆ, ನಡುರಾತ್ರಿಯ ನಂತರ ಹೆಚ್ಚು ಉಲ್ಕೆಗಳು ಕಾಣುತ್ತವೆ. ದೂರದರ್ಶಕ ಬೇಡ, ಚಾಪೆಯ ಮೇಲೆ ಅಂಗಾತ ಮಲಗಿದರೆ ಸಾಕು.

ಹಕ್ಕಿಗಳಿಗೆ ನೀರಿಡುವವರು ಆಳವಿಲ್ಲದ ತಟ್ಟೆಯನ್ನು ಆರಿಸಿ, ಕಾಲೂರಲು ಒಂದೆರಡು ಕಲ್ಲುಗಳನ್ನಿಟ್ಟು, ನೆರಳಿನಲ್ಲಿಡಬೇಕು. ನೀರನ್ನು ದಿನವೂ ಚೆಲ್ಲಿ ತಟ್ಟೆ ಉಜ್ಜುವುದನ್ನು ಮರೆಯಬಾರದು. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಒಂದು ವಾರದಿಂದ ಹತ್ತು ದಿನದೊಳಗೆ ಸೊಳ್ಳೆಯಾಗುತ್ತದೆ.

ಮನೆಯಿಂದ ಹೊರಗೆ

ಬೇಸಿಗೆಯ ಪ್ರವಾಸ ದಣಿವಿನಲ್ಲಿ ಮುಗಿಯುವುದಕ್ಕೆ ಸಾಮಾನ್ಯ ಕಾರಣ ನೋಡಲೇಬೇಕಾದ ಸ್ಥಳಗಳ ಪಟ್ಟಿ. ದಿನಕ್ಕೊಂದೇ ಮುಖ್ಯ ಕೆಲಸ, ಅದೂ ಹೊತ್ತೇರುವ ಮುನ್ನ ಮುಗಿಯುವಂಥದ್ದು, ಎಂದು ಮೊದಲೇ ನಿಶ್ಚಯಿಸಿಕೊಂಡರೆ ಉಳಿದದ್ದೆಲ್ಲ ಸಲೀಸು. ನಸುಕಿನಲ್ಲಿ ಹೊರಟು ನಡುಹಗಲಿಗೆ ಮೊದಲು ತಲುಪುವಂತೆ ಪ್ರಯಾಣವನ್ನು ಹೊಂದಿಸಿಕೊಂಡು, ಮಧ್ಯಾಹ್ನವನ್ನು ಊಟ, ಓದು, ನಿದ್ದೆಗೆ ಬಿಟ್ಟು, ಇಳಿಹೊತ್ತಿನಲ್ಲಿ ಮತ್ತೆ ಹೊರಬೀಳಬಹುದು. ಮಧ್ಯಾಹ್ನ ಕೋಣೆಯಲ್ಲಿ ಮಲಗಲು ಇಷ್ಟು ದೂರ ಬರಬೇಕಿತ್ತೇ ಎಂದು ಜೊತೆಯವರು ಕೇಳುತ್ತಾರೆ. ಬರಬೇಕಿತ್ತು, ವಿಶ್ರಾಂತಿಗೆಂದೇ ಹೊರಟವರಲ್ಲವೇ!

ತಂಪನ್ನು ಹುಡುಕಿ ಹೋಗುವವರಿಗೆ ಎರಡು ದಾರಿಗಳು. ಎತ್ತರಕ್ಕೆ ಹೋದಂತೆ ಉಷ್ಣತೆ ಸರಾಸರಿ ಪ್ರತಿ 1,000 ಮೀಟರಿಗೆ 6.5 ಡಿಗ್ರಿಯಷ್ಟು ಇಳಿಯುತ್ತದೆ. ಆದರೆ ನೇರಳಾತೀತ ಕಿರಣಗಳು ಅಷ್ಟೇ ಎತ್ತರಕ್ಕೆ ಶೇ. 10ರಷ್ಟು ಹೆಚ್ಚುವುದರಿಂದ ಗುಡ್ಡದ ಮೇಲೆ ಸೆಖೆಯಿಲ್ಲದೆಯೇ ಚರ್ಮ ಸುಡುತ್ತದೆ. ಸಮುದ್ರತೀರದಲ್ಲಿ ನೆಲ ಕಾದ ಮೇಲೆ, ಎಂದರೆ ಮಧ್ಯಾಹ್ನದ ಹೊತ್ತಿಗೆ, ಕಡಲಿನಿಂದ ಗಾಳಿ ಬೀಸತೊಡಗುತ್ತದೆ, ಹೊತ್ತು ಮುಳುಗಿದ ಮೇಲೆ ತಿರುಗಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ತಂಗಲು ಕೋಣೆ ಆರಿಸುವಾಗ ಕಡಲು ಕಾಣುತ್ತದೆಯೇ ಎಂದು ಕೇಳುವುದಕ್ಕಿಂತ ಎದುರುಬದುರಾಗಿ ಕಿಟಕಿಗಳಿವೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ. ಬಿಸಿಲಿನ ತೀವ್ರತೆಯನ್ನು ಅಂದಾಜು ಮಾಡಲು ನಿಮ್ಮ ನೆರಳನ್ನೇ ನೋಡಿಕೊಳ್ಳಿ: ಅದು ನಿಮಗಿಂತ ಗಿಡ್ಡವಾಗಿದ್ದರೆ ನೆರಳು ಸೇರುವುದು ಒಳ್ಳೆಯದು. ಸೇರಲಾಗದಿದ್ದರೆ ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ಸಡಿಲ ಉಡುಪು, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಬೇಕು. ಎಸ್‌ಪಿಎಫ್ 30 ಚರ್ಮ ಸುಡುವ ಕಿರಣಗಳ ಶೇ. 97ನ್ನು ತಡೆಯುತ್ತದೆ, 50 ತಡೆಯುವುದು ಶೇ. 98ನ್ನು, ಹೆಚ್ಚಿನ ಅಂಕಿಗಾಗಿ ಹಣ ತೆರುವುದಕ್ಕಿಂತ ಎರಡು ಗಂಟೆಗೊಮ್ಮೆ, ಈಜಿ ಬಂದ ಕೂಡಲೇ, ಧಾರಾಳವಾಗಿ ಮತ್ತೆ ಹಚ್ಚಿಕೊಳ್ಳುವುದೇ ಮುಖ್ಯ.

ಸಾಮಾನು ಹಗುರವಾದಷ್ಟೂ ಬೆವರು ಕಡಿಮೆ. ತೆಳುವಾದ ಬಟ್ಟೆಗಳು ಎರಡು ಮೂರು ಜೊತೆ ಸಾಕು, ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗುತ್ತವೆ. ಒಗೆದ ಬಟ್ಟೆಯನ್ನು ಒಣ ಟವೆಲಿನ ಮೇಲೆ ಹರಡಿ, ಎರಡನ್ನೂ ಒಟ್ಟಿಗೆ ಸುರುಳಿ ಸುತ್ತಿ, ಮೇಲೆ ಮೊಣಕಾಲೂರಿ ಒತ್ತಿದರೆ ನೀರೆಲ್ಲ ಟವೆಲಿಗೆ ಇಳಿದು ಒಣಗುವ ಹೊತ್ತು ಅರ್ಧಕ್ಕಿಳಿಯುತ್ತದೆ. ನೀರಿನ ಬಾಟಲಿಯನ್ನು ಮುಕ್ಕಾಲು ತುಂಬಿ ಅಡ್ಡ ಮಲಗಿಸಿ ಹಿಂದಿನ ರಾತ್ರಿ ಫ್ರೀಜರಿನಲ್ಲಿಡಿ. ನೀರು ಗಟ್ಟಿಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಪೂರ್ತಿ ತುಂಬಿದರೆ ಬಾಟಲಿ ಸೀಳುತ್ತದೆ. ಬೆಳಿಗ್ಗೆ ಮೇಲಿನ ಖಾಲಿ ಜಾಗಕ್ಕೆ ನೀರು ಸುರಿದರೆ ಕುಡಿಯಲೂ ಆಯಿತು, ಬುತ್ತಿಯನ್ನು ತಂಪಾಗಿಡಲೂ ಆಯಿತು. ಚೀಲದಲ್ಲಿ ಅದನ್ನು ಆಹಾರದ ಮೇಲಿಡಬೇಕು, ಕೆಳಗಲ್ಲ, ತಂಪುಗಾಳಿ ಕೆಳಕ್ಕಿಳಿಯುತ್ತದೆ.

ನಿಲ್ಲಿಸಿದ ಕಾರು ಬೇಸಿಗೆಯಲ್ಲಿ ಅಪಾಯದ ಜಾಗ. ಮುಚ್ಚಿದ ಕಾರಿನ ಒಳಗಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿಯಷ್ಟು ಏರಬಲ್ಲುದು, ಗಾಜನ್ನು ಚೂರು ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಮಕ್ಕಳನ್ನಾಗಲಿ ಸಾಕುಪ್ರಾಣಿಯನ್ನಾಗಲಿ ಒಂದು ನಿಮಿಷಕ್ಕೆಂದೂ ಒಳಗೆ ಬಿಟ್ಟು ಹೋಗಬಾರದು. ಔಷಧ, ಪವರ್ ಬ್ಯಾಂಕ್, ಲೈಟರುಗಳಿಗೂ ಅದು ಜಾಗವಲ್ಲ. ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ಹತ್ತುವ ಮೊದಲು ಒಂದು ಬದಿಯ ಗಾಜನ್ನು ಇಳಿಸಿ ಎದುರು ಬದಿಯ ಬಾಗಿಲನ್ನು ನಾಲ್ಕಾರು ಬಾರಿ ತೆರೆದು ಮುಚ್ಚಿದರೆ ಬೇಯುತ್ತಿದ್ದ ಗಾಳಿ ಹೊರಬೀಳುತ್ತದೆ. ಹೊರಟ ಮೇಲೆ ಒಂದೆರಡು ನಿಮಿಷ ಗಾಜುಗಳನ್ನು ಇಳಿಸಿಟ್ಟು, ಆಮೇಲೆ ಎ.ಸಿ.ಯನ್ನು ಒಳಗಾಳಿಯೇ ಸುತ್ತುವ ಕ್ರಮಕ್ಕೆ ಇಟ್ಟರಾಯಿತು.

ಕಡಲಿಗಿಳಿಯುವವರು ಒಂದನ್ನು ನೆನಪಿನಲ್ಲಿಡಬೇಕು. ಸೆಳೆತ ಒಳಕ್ಕೆ ಎಳೆಯತೊಡಗಿದರೆ ದಡದತ್ತ ಈಜುತ್ತ ಸೆಣಸಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದ ಪಟ್ಟಿಯಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಈಜಲಾಗದಿದ್ದರೆ ಗಾಬರಿಯಾಗದೆ ತೇಲುತ್ತ ಕೈಯೆತ್ತಿ ಕೂಗಬೇಕು.

ಕಾವು ಮೀರಿದಾಗ

ಬಿಸಿ ಹವೆಗೆ ಮೈ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಬೇಸಿಗೆಯ ಮೊದಲ ದಿನಗಳಲ್ಲಿಯೂ ತಂಪು ಊರಿನಿಂದ ಬಿಸಿ ಊರಿಗೆ ಬಂದಾಗಲೂ ಶ್ರಮದ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ, ಅತಿಯಾದ ಬೆವರು ಕಂಡರೆ ಕೂಡಲೇ ನೆರಳಿಗೆ ಹೋಗಿ, ಬಟ್ಟೆ ಸಡಿಲಿಸಿ, ನೀರು ಕುಡಿಯಬೇಕು. ಮಾತು ತೊದಲಿದರೆ, ಗಲಿಬಿಲಿ ಕಂಡರೆ, ಪ್ರಜ್ಞೆ ತಪ್ಪಿದರೆ ಅಥವಾ ಮೈ 40 ಡಿಗ್ರಿಗಿಂತ ಹೆಚ್ಚು ಕಾದಿದ್ದರೆ ಅದು ಬಿಸಿಲಾಘಾತ. ತುರ್ತು ವೈದ್ಯಕೀಯ ಸೇವೆಗೆ ಕರೆ ಮಾಡಿ, ಅವರು ಬರುವವರೆಗೆ ಮೈಮೇಲೆಲ್ಲ ತಣ್ಣೀರು ಸುರಿಯುತ್ತ ಗಾಳಿ ಬೀಸುತ್ತಿರಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ವಯಸ್ಸಾದವರು, ಶಿಶುಗಳು, ಗರ್ಭಿಣಿಯರು ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಬೇಗ ಈ ಸ್ಥಿತಿಗೆ ತಲುಪುತ್ತಾರೆ. ಒಂಟಿಯಾಗಿರುವ ಹಿರಿಯರನ್ನು ಬಿಸಿಲಿನ ದಿನಗಳಲ್ಲಿ ಎರಡು ಹೊತ್ತು ಮಾತನಾಡಿಸಬೇಕು.

ಮನೆ ಬೀಗ ಹಾಕಿ ಹೋಗುವಾಗ

ಕೆಲವು ದಿನ ಊರಿನಲ್ಲಿರದವರ ಕುಂಡದ ಗಿಡಗಳಿಗೆ ಬತ್ತಿಯ ನೀರಾವರಿ ಸಾಕು. ಬಕೆಟ್ಟಿನಲ್ಲಿ ನೀರು ತುಂಬಿ ಕುಂಡಗಳಿಗಿಂತ ಸ್ವಲ್ಪ ಎತ್ತರದಲ್ಲಿಡಿ. ದಪ್ಪ ಹತ್ತಿದಾರವನ್ನು ಮೊದಲು ಪೂರ್ತಿ ನೆನೆಸಿ, ಒಂದು ತುದಿ ಬಕೆಟ್ಟಿನ ತಳ ಮುಟ್ಟುವಂತೆಯೂ ಇನ್ನೊಂದು ತುದಿ ಕುಂಡದ ಮಣ್ಣಿನಲ್ಲಿ ಬೆರಳುದ್ದ ಹೂತಿರುವಂತೆಯೂ ಮಾಡಿ. ಮಣ್ಣಿನ ಮೇಲೆ ಒಣ ಎಲೆಗಳ ಹೊದಿಕೆ ಹರಡಿ, ಕುಂಡಗಳನ್ನೆಲ್ಲ ಒತ್ತಾಗಿ ನೆರಳಿನಲ್ಲಿ ಜೋಡಿಸಿ, ಬಕೆಟ್ಟಿನ ಬಾಯಿಯನ್ನು ಸೊಳ್ಳೆ ಹೋಗದಂತೆ ಬಟ್ಟೆಯಿಂದ ಬಿಗಿದು ಕಟ್ಟಿ. ಈ ಏರ್ಪಾಡನ್ನು ಹೊರಡುವ ಹೊತ್ತಿಗಲ್ಲ, ಎರಡು ಮೂರು ದಿನ ಮೊದಲೇ ಮಾಡಬೇಕು. ಆಗ ಬಕೆಟ್ಟಿನ ನೀರು ದಿನಕ್ಕೆ ಎಷ್ಟು ಇಳಿಯುತ್ತದೆಂದು ಗುರುತು ಹಾಕಿ ನೋಡಬಹುದು: ನೀವಿರದ ದಿನಗಳಿಗೆ ಸಾಲದೆಂದು ಕಂಡರೆ ತೆಳುವಾದ ದಾರವನ್ನೋ ದೊಡ್ಡ ಬಕೆಟ್ಟನ್ನೋ ಬಳಸಲು, ಅಥವಾ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಕೀಲಿಕೈ ಕೊಡಲು ಸಮಯ ಉಳಿದಿರುತ್ತದೆ.